ಹಡಗು ಹತ್ತುವ ಮೊದಲು ರಾಕೆಟ್ ನೋಡಿದ್ದು

ನನ್ನ ಗಂಡ ಜೀವಂತ ಇದ್ದಾನೋ ಇಲ್ಲವೋ ಎಂದು ನೋಡಿಕೊಂಡು ಬರಲು ನಾನು ರಾಕೆಟ್ ಮ್ಯೂಸಿಯಂಗೆ ಹೋದೆ. ರಾಕೆಟ್ಟಿನ ಮೇಲೆ ನನಗೆ ಪ್ರೀತಿ ಇರಲಿಲ್ಲ. ಹಡಗಿನ ಮೇಲೂ ಇರಲಿಲ್ಲ. ಎರಡೂ ಒಂದೇ ಊರಿನಲ್ಲಿದ್ದವು, ಅವನೂ ಅಲ್ಲೇ ಇದ್ದಾನೆಂದು ಸುದ್ದಿ ಬಂದಿತ್ತು, ಹೋದೆ. ಕೇರಳದ ಬಂದರಿನ ಊರು ಅದು. ಹೆಸರು ಬರೆಯುವುದಿಲ್ಲ. ಅಲ್ಲಿ ಅವನಿಗೆ ಈಗ ಮನೆ, ಮಂದಿ ಇರಬಹುದು. ಅವರು ನನಗೆ ಏನೂ ಮಾಡಿಲ್ಲ.

ನಾನು ಶಾಲೆ ಕಲಿತದ್ದು ಎರಡನೇ ಇಯತ್ತೆ, ಅದೂ ಮೋಟೆಬೆನ್ನೂರಿನ ತವರಿನಲ್ಲಿ. ಬಸ್ಸಿನ ಬೋರ್ಡು ಓದುತ್ತೇನೆ, ಅಂಗಡಿಯ ಹೆಸರು ಓದುತ್ತೇನೆ. ಇದನ್ನು ಬರೆದವಳು ನಾನು, ತಿದ್ದಿದವಳು ಮೊಮ್ಮಗಳು. ಮಾತು ನನ್ನದು, ಕಾಗುಣಿತ ಅವಳದು. ಒಂದೆರಡು ಕಡೆ ಅವಳು "ಇದನ್ನ ತೆಗೀಲೇನ ಆಯೀ?" ಎಂದು ಕೇಳಿದಳು. ಇರಲಿ ಎಂದೆ.

ಬ್ಯಾಡಗಿಯಲ್ಲಿ ನನ್ನ ಕೆಲಸ ತುಂಬು ಬಿಡಿಸುವುದು, ಅಂದರೆ ಒಣ ಮೆಣಸಿನಕಾಯಿಯ ತೊಟ್ಟು ಮುರಿಯುವುದು. ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನ ಉಗುರು ಒತ್ತಿ ತುಸು ತಿರುವಿದರೆ ತೊಟ್ಟು ಟಕ್ಕನೆ ಬರುತ್ತದೆ. ಕಾಯಿ ಹರಿಯುವುದಿಲ್ಲ, ಬೀಜ ಚೆಲ್ಲುವುದಿಲ್ಲ. ಹೊರಗಿನವರು ಮುರಿದರೆ ಕಾಯಿಯ ತಲೆಯೇ ಕಿತ್ತು ಬರುತ್ತದೆ. ನಮ್ಮ ಊರಿನ ಮಕ್ಕಳು ತಾಯಂದಿರ ಬಗಲಿಗೆ ಕೂತು ಇದನ್ನು ಕಲಿಯುತ್ತಾರೆ. ಗಂಡು ಹುಡುಗರೂ ಕಲಿಯುತ್ತಾರೆ, ಮೀಸೆ ಮೂಡಿದ ಮೇಲೆ ಬಿಟ್ಟು ಚೀಲ ಹೊರಲು ಹೋಗುತ್ತಾರೆ. ನನ್ನ ಗಂಡನೂ ಹಾಗೇ ಹೋದವನು. ಚೀಲ ಎಳೆಯುವ ಕೊಕ್ಕೆ ತಗುಲಿ ಅವನ ಎಡಗಿವಿಯ ತುದಿ ಹರಿದಿತ್ತು. ಆಮೇಲೆ ಚೀಲ ಬಿಟ್ಟು ಲಾರಿಗೆ ಕ್ಲೀನರ್ ಆದ.

ಮಗಳು ಅಂಗನವಾಡಿಗೆ ಹೋಗುತ್ತಿದ್ದ ವರ್ಷ, ಕೇರಳಕ್ಕೆ ಕಾಯಿ ತುಂಬಿಕೊಂಡು ಹೊರಟ ಲಾರಿಯ ಸಂಗಡ ಹೋದ. ಲಾರಿ ಬಂತು. ಅವನು ಬರಲಿಲ್ಲ. "ಅಲ್ಲೇ ಇಳದಾ ತಂಗಿ. ನೀವು ನಡೀರಿ, ನಾ ಬರತೇನಿ ಅಂದಾ" ಎಂದು ಡ್ರೈವರ್ ಹೇಳಿದ. ಹಿಂದಿನ ದಿನ ಜಗಳ ಆಗಿರಲಿಲ್ಲ. ರೊಟ್ಟಿ, ಝುಣಕ ಉಂಡು, ಮಗಳ ಮೂಗು ಒರೆಸಿ ಹೋಗಿದ್ದ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹೊಡೆಯುವವನಾಗಿದ್ದರೆ ಹೋದದ್ದು ಚಲೋ ಆಯಿತು ಎಂದಾದರೂ ಅನ್ನಬಹುದಿತ್ತು. ಅದಕ್ಕೂ ದಾರಿ ಇಟ್ಟು ಹೋಗಲಿಲ್ಲ.

ನಲವತ್ತು ವರ್ಷ ಆಗುತ್ತ ಬಂತು. ನಾನು ತಾಳಿ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. ಸತ್ತ ಸುದ್ದಿ ಬಂದಿಲ್ಲ ಎಂದ ಮೇಲೆ ಯಾಕೆ ಬಿಡಬೇಕು? ಮದುವೆ, ತೊಟ್ಟಿಲು, ಬಸುರಿಯರ ಕುಬಸ, ಎಲ್ಲಿ ಕರೆದರೂ ಹೋದೆ. ನಾನು ಹೋದರೆ ಹೆಂಗಸರಿಗೆ ಖುಷಿ, ಯಾಕೆಂದರೆ ನನ್ನ ಒಡಪು ಚಂದ. ನಮ್ಮ ಕಾಲದವರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವಳಿಂದ ಹೇಳಿಸುತ್ತೇವೆ. ಶುಭಕಾರ್ಯದಲ್ಲಿ ಮಾತ್ರ ಹೇಳಬೇಕು, ಅದೂ ಒಡಪು ಕಟ್ಟಿ, ಕೊನೆಗೆ ಹೆಸರು ಇಟ್ಟು. ಹೇಳದ ಹೊರತು ಯಾರಿಗೂ ಉಡಿ ತುಂಬಲು ಬಿಡುವುದಿಲ್ಲ. ನಾನೇ ಕಟ್ಟಿದ್ದು ಒಂದಿತ್ತು: "ಬಣ್ಣಕ್ಕ ಬೇಕ ಬ್ಯಾಡಗಿ ಕಾಯಿ, ಬದುಕಿಗೆ ಬೇಕ ತಂದಿ-ತಾಯಿ, ಇಷ್ಟು ಮಂದಿ ನಡುವ ತಗೀತೇನಿ ಬಾಯಿ" ಎಂದು ತಡೆದು, ಎಲ್ಲರೂ "ತಗೀವಾ, ತಗೀ" ಎಂದು ಕೂಗಿದ ಮೇಲೆ ಹೆಸರು ಹೇಳುತ್ತಿದ್ದೆ. ಮನೆಯಲ್ಲಿ ಇಲ್ಲದ ಮನುಷ್ಯನ ಹೆಸರನ್ನು ಇಡೀ ಓಣಿಯಲ್ಲಿ ನನ್ನಷ್ಟು ಸಲ ಯಾರೂ ಹೇಳಿರಲಿಕ್ಕಿಲ್ಲ.

ಮಗಳನ್ನು ರಾಣೇಬೆನ್ನೂರಿಗೆ ಕೊಟ್ಟೆ. ಅಳಿಯಂದು ಬೀಜ-ಗೊಬ್ಬರದ ಅಂಗಡಿ. ಅವಳ ಮಗಳನ್ನು ಹಾವೇರಿಗೆ ಕೊಟ್ಟಿದ್ದಾರೆ. ಆ ಮೊಮ್ಮಗಳಿಗೆ ಮೊದಲನೆಯ ಬಸಿರು ನಿಲ್ಲದೆ ಹೋಯಿತು. ಎರಡನೆಯದು ನಿಂತಿತು. ಹಾವೇರಿಯಿಂದ ಕರೆಸಿ, ಕುಬಸ ಮಾಡಿ, ಉಡಿ ತುಂಬಿ, ಹೆರಿಗೆಗೆ ಇಲ್ಲೇ ಇಟ್ಟುಕೊಳ್ಳಬೇಕು ಎಂದು ರಾಣೇಬೆನ್ನೂರಿನ ಮನೆಯಲ್ಲಿ ಮಾತಾಯಿತು. ಮೊದಲ ಉಡಿ ನಾನು ತುಂಬುತ್ತೇನೆ ಎಂದೆ. ನನ್ನ ಬೀಗತಿ, ಅಂದರೆ ಮಗಳ ಅತ್ತೆ, ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

"ತಪ್ಪ ತಿಳೀಬ್ಯಾಡ್ರಿ ಬೀಗತೇರ. ಮೊದಲನೇ ಉಡಿ ಮುತ್ತೈದಿ ತುಂಬಲಿ."

"ಮತ್ತ ನಾನೇನ ಆಗೇನ್ರಿ?"

"ನೀವು ಏನಾಗೀರಿ ಅಂತ ನಿಮಗರ ಗೊತ್ತೈತೇನ್ರಿ? ಅವರು ಅದಾರೋ ಇಲ್ಲೋ, ಯಾರು ನೋಡ್ಯಾರ? ಒಂದ ಸಲ ಕಳಕೊಂಡ ಬಸಿರು. ನನಗ ಅಂಜಿಕಿ ಬರತೈತಿ."

ಅವರು ಕೆಟ್ಟ ಹೆಂಗಸಲ್ಲ. ಅವರು ಕೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಮಗಳು ಒಳಗಿನಿಂದ ಬಂದು, "ಯವ್ವಾ, ನೀ ಉಡಿ ತುಂಬಿದ್ರೇನು, ಬಿಟ್ರೇನು. ಆ ಮನಶ್ಯಾನ ಮಾತು ನನ್ನ ಮನ್ಯಾಗ ಬ್ಯಾಡ" ಎಂದಳು. ಅವಳಿಗೆ ಅಪ್ಪ ಎಂದರೆ ಆ ಮನುಷ್ಯ. ನೆನಪೂ ಇಲ್ಲ, ಕ್ಷಮೆಯೂ ಇಲ್ಲ.

ಬ್ಯಾಡಗಿಗೆ ಬಂದು ಪಕ್ಕದ ಮನೆಯ ಮುದುಕಿಯ ಮುಂದೆ ಹೇಳಿದೆ. ಅವರದು ಮುಸಲ್ಮಾನರ ಮನೆ, ನಾವಿಬ್ಬರೂ ಒಂದೇ ಅಂಗಳದಲ್ಲಿ ಜೋಡಿಯಾಗಿ ಕೂತು ತೊಟ್ಟು ಮುರಿದವರು. ಅವಳ ಮಗ ಮೆಣಸಿನಕಾಯಿ ಲಾರಿ ಹೊಡೆಯುತ್ತಾನೆ. ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದವನು ಕಪ್ಪು-ಬಸಿಯನ್ನು ಕೆಳಗಿಟ್ಟ.

"ಅಕ್ಕಾ, ನಾ ಇದನ್ನ ಹೇಳಬಾರದಂತ ಮಾಡಿದ್ದೆ."

"ಏನ?"

"ಮಾಮಾನ್ನ ನಾ ನೋಡೇನಿ."

ಮಾಲು ಇಳಿಸುವುದು ತಡವಾಗಿ ಅವನು ಆ ಬಂದರಿನ ಊರಿನಲ್ಲಿ ಖಾಲಿ ಕೂತಿದ್ದನಂತೆ. ಬಿಸಿಲು ತಾಳದೆ, ಒಳಗೆ ತಂಪಿರುತ್ತದೆ ಎಂದು ರಾಕೆಟ್ ಮ್ಯೂಸಿಯಂಗೆ ಹೋದನಂತೆ. ಇವನು ಫೋನಿನಲ್ಲಿ ಮಾತಾಡುವುದನ್ನು ಕೇಳಿ, ಬಾಗಿಲಲ್ಲಿ ಟಿಕೆಟ್ ಹರಿಯುವ ಮುದುಕ "ಯಾವೂರು? ಬ್ಯಾಡಗಿ ಕಡೇರೇನು?" ಎಂದು ಕೇಳಿದನಂತೆ. ಆಮೇಲೆ ಈ ವರ್ಷ ಕಾಯಿ ಹೇಗೆ ಬಂದಿವೆ ಎಂದು ಕೇಳಿದನಂತೆ. ಊರಿನ ಬಗ್ಗೆ ಕೇಳಿದ, ಮಳೆಯ ಬಗ್ಗೆ ಕೇಳಿದ, ಮಂದಿಯ ಬಗ್ಗೆ ಮಾತ್ರ ಒಂದು ಮಾತೂ ಕೇಳಲಿಲ್ಲವಂತೆ.

"ಎಡಗಿವಿ ನೋಡೀದೇನು?" ಎಂದೆ.

"ತುದಿ ಇಲ್ಲ ಅಕ್ಕಾ."

ಅವನ ತಾಯಿ ಉರ್ದುವಿನಲ್ಲಿ ಅವನಿಗೆ ಬೈದಳು. ಯಾಕೆ ಹೇಳಿದೆ ಎಂದು ಬೈದಳೋ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಬೈದಳೋ, ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ಒಂದೇ ಇತ್ತು. ನನ್ನ ಕಣ್ಣಿನಿಂದ ನೋಡಬೇಕು. ನೋಡಿ ಬಂದು, ಬೀಗತಿಗೆ ಹೌದು ಎಂದು ಹೇಳಿ, ಮೊಮ್ಮಗಳ ಉಡಿ ತುಂಬಬೇಕು. ಅವನನ್ನು ಕರೆತರುವ ಆಸೆ ಇರಲಿಲ್ಲ. ಕರೆತಂದು ಎಲ್ಲಿ ಇಡುವುದು? ಮನೆಯಲ್ಲಿ ಕಟ್ಟಿಗೆ ಇಡಲೇ ಜಾಗ ಇಲ್ಲ.

ಹೋಗುವ ದಾರಿ ತಾನೇ ಬಂತು. ಬೀಜ ಚೆನ್ನಾಗಿ ಮಾರಿದ ಅಂಗಡಿಯವರನ್ನು ಕಂಪನಿಯವರು ಪ್ರವಾಸ ಒಯ್ಯುವುದು ಇದ್ದದ್ದೇ. ಹಿಂದೆ ಸಿಂಗಾಪುರಕ್ಕೆ ಒಯ್ದಿದ್ದರು. ಈ ಸಲ ಹಡಗು. ಲಾರಿಯವನು ಹೇಳಿದ ಬಂದರಿನಿಂದಲೇ ಹತ್ತಿಸಿ, ಸಮುದ್ರದಲ್ಲಿ ತಿರುಗಿಸಿ, ಅಲ್ಲಿಗೇ ತಂದು ಇಳಿಸುವುದು. ಅಳಿಯಂಗೆ ಮೂರು ಮಂದಿಯ ಪಾಸು ಬಂದಿತ್ತು. ಮೂರನೆಯದು ಬೀಗತಿಯದು. ಅವರಿಗೆ ಬ್ಯಾಡಗಿಯ ಬಸ್ಸಿನಲ್ಲೇ ವಾಂತಿ.

"ನಾ ಒಲ್ಯಪಾ. ನೀರ ಮ್ಯಾಲೆ ಮಲಗೂದಂದ್ರ ಏನ?" ಎಂದರು.

"ನಾ ಬರತೇನಿ" ಎಂದೆ. ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನು ಅದುವರೆಗೆ ಏನನ್ನೂ ಬೇಕು ಎಂದು ಕೇಳಿದವಳಲ್ಲ.

ರೈಲಿನಲ್ಲಿ ಹೋದೆವು. ನಮ್ಮ ಕಡೆಯ ಬೀಜದಂಗಡಿಯವರು, ಅವರ ಹೆಂಡಿರು, ಎಲ್ಲ ಕೂಡಿ ದೊಡ್ಡ ಗುಂಪು. ಗುತ್ತಲದಿಂದ ಬಂದ ಒಬ್ಬಳು ಇಡೀ ದಾರಿ ಚಕ್ಕುಲಿ ಹಂಚಿದಳು. ಹಡಗಿನ ಊಟ ಸಪ್ಪೆ ಎಂದು ಯಾರೋ ಹೇಳಿದ್ದರಿಂದ ನಾನು ನಮ್ಮ ಅಂಗಳದ ಒಳ್ಳೆಯ ಕಾಯಿ ಆರಿಸಿ, ಒಂದು ಹಿಡಿ ಬಿಳಿ ವಸ್ತ್ರದಲ್ಲಿ ಕಟ್ಟಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ತೊಟ್ಟು ಇದ್ದ ಹಾಗೇ ಇಟ್ಟಿದ್ದೆ. ತೊಟ್ಟು ತೆಗೆದರೆ ಕಾಯಿ ಬಹಳ ದಿನ ಬಾಳುವುದಿಲ್ಲ.

ಮುಂಜಾನೆ ಆ ಊರು ಮುಟ್ಟಿದೆವು. ಹಡಗಿನವರು ಒಳಗೆ ಬಿಡುವುದು ಸಂಜೆಯ ಕಡೆಗೆ. ನಡುವಿನ ವೇಳೆಗೆ ಕಂಪನಿಯವರು ಒಂದು ಮಾಲ್ ತೋರಿಸಿ, ಊಟ ಹಾಕಿಸಿ, ಬಂದರಿಗೆ ಒಯ್ಯುತ್ತೇವೆ ಎಂದರು. ಲಾಡ್ಜಿನಲ್ಲಿ ಸ್ನಾನ ಮಾಡಿದ ಮೇಲೆ ನಾನು ಅಳಿಯಂಗೆ ಹೇಳಿದೆ.

"ಅಳಿಯಾರ, ನನಗ ರಾಕೆಟ್ ಮ್ಯೂಸಿಯಂ ತೋರಸ್ರಿ."

ಅವರು ಬಾಚುತ್ತಿದ್ದ ಕೂದಲನ್ನು ಹಾಗೇ ಬಿಟ್ಟರು. "ಏನ ತೋರಸಬೇಕ್ರಿ ಅತ್ತಿ?"

"ರಾಕೆಟ್ಟು. ಮ್ಯಾಲೆ ಹೋಗತೈತಲ್ಲ."

"ನಿಮಗ ಯಾಕ ಬೇಕ್ರಿ ಅದು? ಹೊಂಟೀರೇನು?"

"ಹೋದ್ರ ನಿಮಗ ಹೇಳೇ ಹೋಗತೇನಿ. ತೋರಸ್ರಿ."

ಮಗಳು ನಕ್ಕಳು. ಆ ಪ್ರವಾಸದಲ್ಲಿ ಅವಳು ನಕ್ಕದ್ದು ನೋಡಿ ನನಗೆ ಮೊದಲ ಸಲ ಅಂಜಿಕೆಯಾಯಿತು. ಮಗಳ ಕಷ್ಟಗಳನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅವಳು ಹಾಗೆ ಬಾಯಿ ತುಂಬ ನಗುವುದು ಬಹಳ ಅಪರೂಪ. ಒಂದು ಗಳಿಗೆ, ಬ್ಯಾಡ ಬಿಡ್ರಿ, ಮಾಲ್ ನೋಡೂಣು ಎಂದುಬಿಡಲೇ ಅನಿಸಿತು. ಅನ್ನಲಿಲ್ಲ.

ಅಳಿಯ ಕಂಪನಿಯ ಮನುಷ್ಯನೊಂದಿಗೆ ಮಾತಾಡಿದರು. ಅವನು ತಡವಾದರೆ ಹಡಗು ನಿಲ್ಲುವುದಿಲ್ಲ, ಅದು ಬಸ್ಸಲ್ಲ ಎಂದು ಎಲ್ಲರ ಎದುರಿಗೆ ಹೇಳಿದ. ಗುತ್ತಲದವಳು "ಮುದಕಿ ಚಂದ್ರನ ಮ್ಯಾಲ ಸೈಟ್ ಹಿಡ್ಯಾಕ ಹೊಂಟಾಳ್ರಿ" ಎಂದಳು. ಗುಂಪಿನ ಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಊಟ ಬಿಟ್ಟು, ಆಟೋ ಹಿಡಿದು ನಾವು ಮೂವರು ಹೋದೆವು. ಹೊರಗೆ ಒಂದು ಸಣ್ಣ ರಾಕೆಟ್ ನಿಲ್ಲಿಸಿದ್ದರು, ನಮ್ಮ ಕಡೆಯ ನೀರಿನ ಟಾಕಿಯಷ್ಟು ಎತ್ತರ. ಮಗಳು ಅದರ ಎದುರಿಗೆ ನಿಂತು ಫೋಟೋ ತೆಗೆಸಿಕೊಂಡಳು. ಅಳಿಯ ಟಿಕೆಟ್ ತಂದು ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟರು.

ಬಾಗಿಲಲ್ಲಿ ಅವನು ನಿಂತಿದ್ದ.

ಖಾಕಿ ಅಂಗಿ. ತಲೆ ಪೂರಾ ಬೆಳ್ಳಗೆ. ಮೈ ಇಳಿದಿತ್ತು, ಸೊಂಟದಲ್ಲಿ ಬೆಲ್ಟು ಇದ್ದದ್ದಕ್ಕೆ ಪ್ಯಾಂಟು ನಿಂತಿತ್ತು. ನಾನು ಮೊದಲು ಕಿವಿ ನೋಡಿದೆ. ನೋಡುವ ಅಗತ್ಯ ಇರಲಿಲ್ಲ. ಒಂದು ಕಾಲ ಮೇಲೆ ಭಾರ ಹಾಕಿ ಹೆಗಲು ವಾಲಿಸಿ ನಿಂತಿದ್ದ. ಚೀಲ ಹೊತ್ತವರು ಸಾಯುವ ತನಕ ಹಾಗೇ ನಿಲ್ಲುತ್ತಾರೆ.

ಮುಂದೆ ಅಳಿಯ, ನಡುವೆ ಮಗಳು, ಹಿಂದೆ ನಾನು. ಅಳಿಯ ಟಿಕೆಟ್ ಕೊಟ್ಟು ಒಳಗೆ ಹೋದರು. ಮಗಳು ಕೊಟ್ಟಳು. ಅವನು ಅದನ್ನು ಹರಿದು, ಅರ್ಧ ಅವಳ ಕೈಗಿಟ್ಟ. ಅವನ ತುಟಿ ಅಲುಗಿತು, ಏನಂದನೋ ನನಗೆ ಕೇಳಲಿಲ್ಲ. ಅವಳು ಅವನ ಮುಖ ನೋಡಲಿಲ್ಲ. ಫೋನಿನಲ್ಲಿ ಆಗತಾನೆ ತೆಗೆದ ಫೋಟೋ ನೋಡುತ್ತ ಒಳಗೆ ಹೋದಳು. ನನ್ನ ಕಣ್ಣೆದುರಿಗೆ ತಂದೆ-ಮಗಳು ಮುಖಾಮುಖಿ ನಿಂತರು, ಬಿಟ್ಟರು. ಮಗಳೇ, ನಿಲ್ಲು ಎಂದು ಕೂಗಲು ನಾನು ಬಾಯಿ ತೆರೆದದ್ದು ನಿಜ. ಏನೆಂದು ಕೂಗಬೇಕಿತ್ತು? ನಮ್ಮ ಹಿಂದೆ ಶಾಲೆಯ ಹುಡುಗಿಯರ ಸಾಲು ಗದ್ದಲ ಮಾಡುತ್ತಿತ್ತು.

ನನ್ನ ಸರದಿ ಬಂತು. ಅವನು ಟಿಕೆಟ್ ಹರಿದ. ನನ್ನ ಚೀಲ ತೆಗೆಯಲು ಕೈಸನ್ನೆ ಮಾಡಿದ. ತಿನ್ನುವ ವಸ್ತು ಒಳಗೆ ಬಿಡುವುದಿಲ್ಲ ಎಂದು ಗೋಡೆಗೆ ಚಿತ್ರ ಹಚ್ಚಿದ್ದರು. ವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿದ. ಕಾಯಿ ನೋಡಿದ. ಒಂದನ್ನು ಎತ್ತಿಕೊಂಡ. ಅವನ ಹೆಬ್ಬೆರಳು ತಾನೇ ಹೋಗಿ ತೊಟ್ಟಿನ ಬುಡಕ್ಕೆ ಕೂತಿತು, ಉಗುರು ಒತ್ತಿ ತಿರುವಿತು. ಟಕ್ಕೆಂದಿತು. ಕಾಯಿ ಹರಿಯಲಿಲ್ಲ.

ಆಗ ತಲೆ ಎತ್ತಿ ನನ್ನನ್ನು ನೋಡಿದ. ಕುಂಕುಮ ನೋಡಿದ, ತಾಳಿ ನೋಡಿದ, ಮುಖ ನೋಡಿದ. ಗುರುತು ಹತ್ತಿತು. ಹತ್ತಿದ್ದು ನನಗೆ ಕಂಡಿತು. ಅದರಲ್ಲಿ ಅನುಮಾನ ಇಲ್ಲ, ಮುರಿದ ತೊಟ್ಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ನಾನು ಕಾದೆ. ಅವನೇ ಮೊದಲು ಮಾತಾಡಲಿ, ಹೋದವನು ಅವನು ಎಂದು ನಿಂತೆ.

"ಇವನ್ನ ಇಲ್ಲೇ ಇಟ್ಟ ಹೋಗ್ರಿ ಅವ್ವಾರ" ಎಂದ. "ಹೊಳ್ಳಿ ಹೋಗೂಮುಂದ ಇಸಗೋರಿ. ಮುಂದ ನಡೀರಿ, ಹಿಂದ ಮಂದಿ ನಿಂತಾರ."

ಪೂರಾ ನಮ್ಮ ಮಾತು. ನಮ್ಮ ಓಣಿಯ ಮಾತು. ಆ ಊರಿನಲ್ಲಿ ಬಂದು ಹೋಗುವವರೊಂದಿಗೆ ಯಾವ ಭಾಷೆ ಆಡುತ್ತಾನೋ, ನನ್ನೊಂದಿಗೆ ಕನ್ನಡ ಆಡಿದ, ಆಡಿ ಅವ್ವಾರ ಎಂದ. ದಾರಿಯಲ್ಲಿ ಹೋಗುವ ಮುದುಕಿಗೆ ಅನ್ನುವ ಹಾಗೆ.

ನಾನು ಚೀಲ ಅಲ್ಲೇ ಬಿಟ್ಟು ಮುಂದೆ ನಡೆದೆ. ಇನ್ನೇನು ಮಾಡುವುದು, ಹಿಂದೆ ಮಂದಿ ನಿಂತಿದ್ದರು.

ಒಳಗೆ ಏನೇನಿತ್ತು ಎಂದು ಮೊಮ್ಮಗಳು ಆಮೇಲೆ ಕೇಳಿದಾಗ ನನಗೆ ಬಹಳ ಹೇಳಲು ಬರಲಿಲ್ಲ. ಬಿಳಿ ಅಂಗಿ ತೊಟ್ಟ ಮನುಷ್ಯನ ಗೊಂಬೆ ಮೇಲಿನಿಂದ ಜೋತಾಡುತ್ತಿತ್ತು. ಒಂದು ತೂಕದ ಯಂತ್ರ ಇತ್ತು, ನಿಂತರೆ ಚಂದ್ರನ ಮೇಲೆ ನಿನ್ನ ತೂಕ ಇಷ್ಟೇ ಎಂದು ತೋರಿಸುವುದು. ಮಗಳು ನನ್ನನ್ನು ಹಿಡಿದು ನಿಲ್ಲಿಸಿದಳು. ಒಂದು ಮೆಣಸಿನಕಾಯಿ ಚೀಲದ ಅರ್ಧದಷ್ಟೂ ನಾನು ಬರಲಿಲ್ಲ. "ನೋಡವಾ, ಅಲ್ಲಿ ಹೋದ್ರ ಎಷ್ಟ ಹಗರ ಆಗತೀ" ಎಂದು ಮಗಳು ನಕ್ಕಳು. ನಾನು ಇಳಿದೆ.

ಕತ್ತಲೆ ಕೋಣೆಯಲ್ಲಿ ರಾಕೆಟ್ ಹಾರುವ ಸಿನಿಮಾ ತೋರಿಸಿದರು. ಕೆಳಗಿನ ಭಾಗ ಉರಿದು ಮುಗಿದ ಮೇಲೆ ಕಳಚಿ ಸಮುದ್ರಕ್ಕೆ ಬೀಳುತ್ತದೆ, ಮೇಲಿನದು ಹಗುರಾಗಿ ಮುಂದೆ ಹೋಗುತ್ತದೆ ಎಂದು ಅಲ್ಲಿಯ ಹುಡುಗಿ ಹಿಂದಿಯಲ್ಲಿ ಹೇಳಿದಳು. ಅಳಿಯ ನನಗೆ ಬಿಡಿಸಿ ಹೇಳಿದರು.

"ಬಿದ್ದದ್ದನ್ನ ಹುಡುಕತಾರೇನಂತ ಕೇಳ್ರಿ" ಎಂದೆ.

ಕೇಳಿದರು. ಇಲ್ಲವಂತೆ. ಅದರ ಕೆಲಸ ಅಲ್ಲಿಗೆ ಮುಗಿಯಿತಂತೆ.

ಹೊರಗೆ ಬರುವಾಗ ಬಾಗಿಲಲ್ಲಿ ಬೇರೆ ಮನುಷ್ಯ ಕೂತಿದ್ದ. ಹರೆಯದವನು. ಚೀಲ ತೋರಿಸಿದೆ, ಕೊಟ್ಟ. ಇಲ್ಲಿ ನಿಂತಿದ್ದ ಮುದುಕ ಎಲ್ಲಿ ಎಂದು ಕೈಯಿಂದ ಬಿಳಿ ತಲೆ, ವಾಲಿದ ಹೆಗಲು ಮಾಡಿ ತೋರಿಸಿದೆ. ಅವನು ಮನೆಗೆ ಹೋದ ಎನ್ನುವಂತೆ ರಸ್ತೆಯ ಕಡೆ ಕೈ ಮಾಡಿದ. "ಯಾರವಾ?" ಎಂದು ಮಗಳು ಕೇಳಿದಳು. "ಚೀಲ ಇಟ್ಟಗೊಂಡಾಂವ" ಎಂದೆ. ಅಳಿಯ ಆಗಲೇ ಆಟೋದಲ್ಲಿ ಒಂದು ಕಾಲು ಇಟ್ಟು, "ಲಗೂ ಬರ್ರಿ, ಹಡಗ ಬಿಟ್ಟ ಹೋಗತೈತಿ" ಎಂದು ಕೂಗುತ್ತಿದ್ದರು.

ಆಟೋದಲ್ಲಿ ಕೂತು ಗಂಟು ಬಿಚ್ಚಿದೆ. ಅಷ್ಟೂ ಕಾಯಿಯ ತೊಟ್ಟು ಮುರಿದಿದ್ದ. ನಾನು ಒಳಗೆ ಚಂದ್ರನ ಮೇಲೆ ತೂಗಿಸಿಕೊಳ್ಳುತ್ತಿದ್ದಾಗ ಅವನು ಇಲ್ಲಿ ಕೂತು ಒಂದೊಂದಾಗಿ ಮುರಿದಿದ್ದ. ಒಂದು ಕಾಯಿಯೂ ಹರಿದಿರಲಿಲ್ಲ. ತೊಟ್ಟುಗಳು ಚೀಲದಲ್ಲಿ ಎಲ್ಲಿಯೂ ಇರಲಿಲ್ಲ. ಮುರಿದು, ಮೊದಲಿಗಿಂತ ಚೊಕ್ಕಟವಾಗಿ ಕಟ್ಟಿ ಇಟ್ಟು, ನಾನು ಬರುವ ಮೊದಲು ಎದ್ದು ಹೋಗಿದ್ದ.

ಅದರ ಅರ್ಥ ಏನೆಂದು ಬಹಳ ವಿಚಾರ ಮಾಡಿದ್ದೇನೆ. ತಪ್ಪಾಯಿತು ಎಂದನೋ, ಕೈ ಸುಮ್ಮನೆ ಇರಲಿಲ್ಲವೋ. ನಾನು ಇಷ್ಟು ವರ್ಷ ಮುರಿದ ಕಾಯಿಯನ್ನು ರಾಶಿ ಹಾಕಿದರೆ ಆ ಮ್ಯೂಸಿಯಂ ಮುಚ್ಚಿಹೋಗುತ್ತದೆ. ಅವನು ಮುರಿದದ್ದು ಒಂದು ಹಿಡಿ.

ಹಡಗು ದೊಡ್ಡದು. ಲಿಫ್ಟು, ಈಜುವ ಹೊಂಡ, ಹಾಡು ಹಾಕಿ ಕುಣಿಯುವ ಹಾಲ್, ಎಲ್ಲ ಇತ್ತು. ಮಗಳು ಕಟಕಟೆ ಹಿಡಿದು ನಿಂತು ಗಾಳಿಗೆ ಸೆರಗು ಬಿಟ್ಟು ನಕ್ಕಳು, ಗುತ್ತಲದವಳೊಂದಿಗೆ ಕುಣಿದಳು, ನನ್ನನ್ನೂ ಎಳೆದಳು. ನನಗೆ ಸುತ್ತಲೂ ನೀರು ಬಿಟ್ಟರೆ ಬೇರೆ ಏನೂ ಕಾಣಲಿಲ್ಲ. ಅವಳು ನಗುವಾಗ ಗಲ್ಲದ ಮೇಲೆ ಬೀಳುವ ಕುಳಿ ಅವನದು. ಅದು ನನಗೆ ಮರೆತೇ ಹೋಗಿತ್ತು, ಆ ಬಾಗಿಲಲ್ಲಿ ಇಬ್ಬರನ್ನೂ ಒಟ್ಟಿಗೆ ನೋಡಿದ ಮೇಲೆ ನೆನಪಾಯಿತು. ಆಗ ಹೇಳಿದರೆ ಆ ನಗು ನಿಲ್ಲುತ್ತಿತ್ತು. ಹೇಳಲಿಲ್ಲ. ಕಾಯಿಯನ್ನು ಸಮುದ್ರಕ್ಕೆ ಎಸೆಯಲೂ ಇಲ್ಲ. ಒಳ್ಳೆಯ ಕಾಯಿ ಅವು. ಊಟ ನಿಜವಾಗಿಯೂ ಸಪ್ಪೆ ಇತ್ತು. ಒಂದೊಂದನ್ನೇ ಅನ್ನದೊಂದಿಗೆ ಕಡಿದು ತಿಂದೆ. ಮುಗಿದವು.

ರಾಣೇಬೆನ್ನೂರಿಗೆ ಬಂದು ಹಿತ್ತಲಲ್ಲಿ ಬೀಗತಿಯನ್ನು ಒಬ್ಬರನ್ನೇ ಹಿಡಿದೆ.

"ಅದಾರ್ರಿ. ನನ್ನ ಕಣ್ಣಿಲೆ ನೋಡಿ ಬಂದೇನಿ. ಮಗಳ ಮುಂದ ಹೇಳಬ್ಯಾಡ್ರಿ."

ಅವರು ನನ್ನ ಹಣೆ ನೋಡಿದರು. "ಎಲ್ಲಿ? ಮಾತಾಡಿದ್ರೇನ್ರಿ?"

"ಅದನ್ನ ಕೇಳಬ್ಯಾಡ್ರಿ. ಅದಾರ. ಅಷ್ಟ ಸಾಕಲ್ಲ?"

ಅವರ ಕಣ್ಣು ತುಂಬಿದವು. ನನ್ನ ಎರಡೂ ಕೈ ಹಿಡಿದು, "ಹಂಗಾದ್ರ ಮೊದಲ ಉಡಿ ನಿಮ್ಮದ ಬೀಗತೇರ. ನಾ ಅಂದದ್ದು ಹೊಟ್ಟ್ಯಾಗ ಹಾಕ್ಕೋರಿ" ಎಂದರು. ನಾನು ಏನನ್ನು ಹುಡುಕಿಕೊಂಡು ಹೋಗಿದ್ದೆನೋ ಅದು ಸಿಕ್ಕಿತು.

ಕುಬಸದ ದಿನ ಹಾವೇರಿಯಿಂದ ಬೀಗರು ವ್ಯಾನು ಮಾಡಿಕೊಂಡು ಬಂದರು. ಮೊಮ್ಮಗಳು ಹಸಿರು ಸೀರೆ ಉಟ್ಟು, ಹಸಿರು ಬಳೆ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು. ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಬೀಗತಿ ಎಲ್ಲರಿಗೂ ಕೇಳುವಂತೆ ನನ್ನನ್ನು ಕರೆದು, ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಉತ್ತತ್ತಿ, ಕುಬಸದ ಖಣ ಇಟ್ಟ ತಟ್ಟೆಯನ್ನು ಕೈಗೆ ಕೊಟ್ಟರು. ಮೊಮ್ಮಗಳು ಸೆರಗು ಒಡ್ಡಿದಳು. ನಾನು ಬೊಗಸೆ ತುಂಬ ಅಕ್ಕಿ ತೆಗೆದೆ.

"ಹೆಸರ ಹೇಳ್ರಿ! ಹೆಸರ ಹೇಳದ ತುಂಬಿದ್ರ ಬಿಡೂದುಲ್ಲ!" ಎಂದು ಹೆಂಗಸರು ಕೂಗಿದರು.

"ಬಣ್ಣಕ್ಕ ಬೇಕ ಬ್ಯಾಡಗಿ ಕಾಯಿ" ಎಂದೆ. ಎಲ್ಲರೂ ನಕ್ಕರು, ಅವರಿಗೆ ಗೊತ್ತಿದ್ದದ್ದೇ. "ಬದುಕಿಗೆ ಬೇಕ ತಂದಿ-ತಾಯಿ. ಇಷ್ಟು ಮಂದಿ ನಡುವ ತಗೀತೇನಿ ಬಾಯಿ."

"ತಗೀರಿ, ತಗೀರಿ!"

ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತಿರಲಿಲ್ಲ, ನಾಲಿಗೆಯ ಮೇಲೇ ಇತ್ತು. ಇದ್ದಾನೋ ಇಲ್ಲವೋ ಗೊತ್ತಿಲ್ಲದಾಗ ಇಷ್ಟು ವರ್ಷ ಸಲೀಸಾಗಿ ಹೇಳಿದ್ದೆ. ಈಗ ಇದ್ದಾನೆ ಎಂದು ಗೊತ್ತಿತ್ತು. ಹೆಸರಿನ ಹಿಂದೆ ಆ ಖಾಕಿ ಅಂಗಿ ಬಂದು ನಿಂತಿತು, ಅವ್ವಾರ, ಮುಂದ ನಡೀರಿ ಎಂದಿತು. ಬೊಗಸೆಯಿಂದ ಅಕ್ಕಿ ಬೆರಳ ಸಂದಿಯಲ್ಲಿ ಸೋರಿ ನೆಲಕ್ಕೆ ಬೀಳುತ್ತಿತ್ತು. ಹೆಂಗಸರು, ಮುದುಕಿ ನಾಚಿಕೊಂಡಳು ಎಂದು ಇನ್ನೂ ಜೋರಾಗಿ ನಕ್ಕರು. ಮೊಮ್ಮಗಳು ಮಾತ್ರ ನಗಲಿಲ್ಲ, ಸೆರಗು ಒಡ್ಡಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಉಳಿದ ಅಕ್ಕಿಯನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ಬೀಗತಿಯ ಕೈಗೆ ಕೊಟ್ಟೆ.

"ನೀವ ತುಂಬ್ರಿ. ನನ್ನ ಕೈ ಖಾರ ಆಗ್ಯಾವು. ಮುಂಜಾನಿಂದ ಕಾಯಿ ಮುಟ್ಟೇನಿ. ಬಸರ ಹೆಂಗಸು, ಉರಿ ಹತ್ತೀತು."

"ಬ್ಯಾಡಗಿ ಕಾಯಿ ಎಲ್ಲಿ ಖಾರ ಇರತಾವ್ರಿ?" ಎಂದು ಹಾವೇರಿಯವಳೊಬ್ಬಳು ಚೇಷ್ಟೆ ಮಾಡಿದಳು. "ಬಣ್ಣ ಅಷ್ಟ!"

"ಈಗ ಗುಂಟೂರ ಕಾಯೀನೂ ಬರತಾವಬೇ" ಎಂದೆ. ನಗೆ ಮತ್ತೆ ಎದ್ದಿತು. ಬೀಗತಿ ನಗಲಿಲ್ಲ. ನನ್ನನ್ನು ಒಂದು ಸಲ ನೋಡಿ, ಮುಂದೆ ಬಂದು, ತಮ್ಮ ಯಜಮಾನರ ಹೆಸರು ಲಗುಬಗೆಯಿಂದ ಹೇಳಿ ಉಡಿ ತುಂಬಿದರು. ಆರತಿಯ ಹಾಡು ಶುರುವಾಯಿತು.

ಊಟ ಆಗಿ, ವ್ಯಾನು ಹೋದ ಮೇಲೆ ಮಗಳು ಹಿತ್ತಲಲ್ಲಿ ಪಾತ್ರೆ ತಿಕ್ಕಲು ಕೂತಳು. ನಾನು ತೊಳೆದು ಕೊಡುತ್ತಿದ್ದೆ. ಬಿಸಿಲು ಇನ್ನೂ ಇತ್ತು.

"ಯವ್ವಾ, ನಿನ್ನ ಕೈ ಖಾರ ಇರಲಿಲ್ಲ. ಮುಂಜಾನಿಂದ ನನ್ನ ಕೂಡನ ಹೋಳಗಿ ತಟ್ಟೀದಿ. ಅತ್ತಿ ಬಿಟ್ಟಕೊಟ್ಟ ಉಡಿ ಯಾಕ ಬಿಟ್ಟಿ?"

ಸುಳ್ಳು ಹೇಳಲು ನನಗೆ ಇನ್ನು ಆಗಲಿಲ್ಲ. ಲಾರಿಯವನು ಹೇಳಿದ್ದು, ನಾನು ರಾಕೆಟ್ ನೋಡಬೇಕು ಎಂದದ್ದು, ಬಾಗಿಲು, ಕಾಯಿ, ಎಲ್ಲ ಹೇಳಿದೆ. ಅವ್ವಾರ ಎಂದದ್ದನ್ನೂ ಹೇಳಿದೆ. ಅವಳು ತಲೆ ಎತ್ತಲಿಲ್ಲ. ಒಂದೇ ಸ್ಟೀಲಿನ ಬುಟ್ಟಿಯನ್ನು ತಿಕ್ಕುತ್ತ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಆ ಮನುಷ್ಯನ ಮಾತು ನನ್ನ ಮನೆಯಲ್ಲಿ ಬೇಡ ಅನ್ನುತ್ತಾಳೆ ಎಂದುಕೊಂಡೆ.

"ಬಾಗಲದಾಗ ನಿಂತಾಂವ?" ಎಂದಳು.

"ಹೂಂ."

"ನಾ ಟಿಕೀಟ ಕೊಟ್ಟಾಗ ಥ್ಯಾಂಕ್ಯೂ ಅಂದಾ ಯವ್ವಾ" ಎಂದಳು. "ನಾ ಏನೂ ಅನ್ನಲಿಲ್ಲ. ಹಂಗ ಹೋದೆ."

ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. ನಾನು ತೊಳೆದು ಬಿಸಿಲಿಗೆ ಬೋರಲು ಹಾಕಿದೆ.